ಹಾಲು ಕಂಡು ಓಡಿದ ಬೆಕ್ಕು

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಅಟ್ಟ ಗುಡಿಸುವ ಕಾರ್ಯಕ್ರಮವಿತ್ತು. ಗೃಹಿಣಿಯ ಆಜ್ಞೆ, ಮೀರುವಂತಿಲ್ಲ. ನಾನು ಏಣಿಯ ಮೇಲೆ, ಆಕೆ ಏಣಿಯ ಕೆಳಗೆ, ಏಳು ವರ್ಷದ ಮೊಮ್ಮಗಳು ಇಬ್ಬರಿಗೂ ಅಡ್ಡವಾಗಿ. ಸೀಳು ಬಿಟ್ಟ ಭರಣಿ, ಮೂರು ಕಾಲಿನ ಮಣೆ, ಯಾವುದೋ ಕಾಲದ ಬೊಂಬೆಗಳ ಹಿಂದೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಕೆಳಗಿಳಿಸಿ ಮುಚ್ಚಳ ತೆಗೆದದ್ದಾಯಿತು.

ಒಳಗಿದ್ದದ್ದು ನಿಧಿಯಲ್ಲ. ಹಳೆಯ ಸೀರೆಯ ಸೆರಗನ್ನು ಕತ್ತರಿಸಿ ಮನೆಯಲ್ಲೇ ಹೊಲಿದ ಇಪ್ಪತ್ತು ಮೂವತ್ತು ಮಾಸ್ಕುಗಳು. ತಳದಲ್ಲಿ ಅಂಟಂಟಾಗಿ ಒಣಗಿದ ಸ್ಯಾನಿಟೈಸರ್ ಸೀಸೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುತ್ತಿದ್ದ ಚಿಕ್ಕ ಯಂತ್ರ. ಎಲ್ಲಕ್ಕೂ ಕೆಳಗೆ ನಾಲ್ಕಾಗಿ ಮಡಿಸಿದ ಒಂದು ಹಾಳೆ. ಮೊಮ್ಮಗಳು ಒಂದು ಮಾಸ್ಕನ್ನು ಎತ್ತಿಕೊಂಡು, ಅದರ ದಾರಗಳನ್ನು ಕುರ್ಚಿಯ ಎರಡು ಕಾಲುಗಳಿಗೆ ಕಟ್ಟಿ, ತನ್ನ ಗೊಂಬೆಯನ್ನು ಮಲಗಿಸಿ ತೂಗತೊಡಗಿದಳು. ಅದು ತೊಟ್ಟಿಲಲ್ಲವೆಂದು ಅವಳಿಗೆ ಹೇಳುವ ಅವಸರ ನಮಗಾರಿಗೂ ಇರಲಿಲ್ಲ. 2020ನೆಯ ಇಸವಿಯಲ್ಲಿ ಅವಳಿನ್ನೂ ಅಂಬೆಗಾಲಿಡುತ್ತಿದ್ದ ಕೂಸು.

ಮಡಿಸಿದ ಹಾಳೆಯನ್ನು ನಾನು ಬಿಚ್ಚಿದೆ. ನನ್ನ ಹೆಂಡತಿಯ ಅಕ್ಷರ. 2021ರ ಮೇ ತಿಂಗಳಲ್ಲಿ ಆಕೆಯ ಅಣ್ಣನಿಗಾಗಿ ನಾವು ಆಮ್ಲಜನಕದ ಸಿಲಿಂಡರನ್ನೂ ಆಸ್ಪತ್ರೆಯ ಹಾಸಿಗೆಯನ್ನೂ ಹುಡುಕಿದ ದೂರವಾಣಿ ಸಂಖ್ಯೆಗಳು. ಹತ್ತೊಂಬತ್ತು ಇದ್ದವು. ಹತ್ತೊಂಬತ್ತರ ಮೇಲೂ ಗೆರೆ ಎಳೆದಿತ್ತು. ಆಕೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲಿನಂತೆಯೇ ಮಡಿಸಿ, ಪೆಟ್ಟಿಗೆಯನ್ನು ತೋರಿಸಿ, "ಇದನ್ನೆಲ್ಲ ಎಸೆಯೋಣವೇ, ಇಟ್ಟುಕೊಳ್ಳೋಣವೇ? ಹೇಳಿ" ಎಂದಳು.

ಉತ್ತರ ಹೇಳುವ ಸಂಕಟದಿಂದ ನನ್ನನ್ನು ಪಾರುಮಾಡಿದವರು ನೆರೆಮನೆಯ ನಿವೃತ್ತ ಮಾಸ್ತರರು. ಭಾನುವಾರದ ಕಾಫಿಗೆ ಅವರು ತಪ್ಪಿದವರಲ್ಲ. ನಲವತ್ತು ವರ್ಷ ಉತ್ತರ ಪತ್ರಿಕೆಗಳನ್ನು ತಿದ್ದಿದವರು. ಲೋಕದ ಸಕಲ ವ್ಯವಹಾರವೂ ಅವರಿಗೆ ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲೇ ಕಾಣುತ್ತದೆ. ಪೆಟ್ಟಿಗೆಯನ್ನು ನೋಡಿದವರೇ, "ಅಂದಹಾಗೆ ರಾಯರೇ, ಆ ಮಹಾಮಾರಿಯ ಕಾಲದಲ್ಲಿ ಯಾವ ದೇಶದ ಸರಕಾರ ಚೆನ್ನಾಗಿ ನಡೆದುಕೊಂಡಿತು? ಮಾರ್ಕು ಹಾಕಿ ನೋಡೋಣ" ಎಂದರು.

ಮಾರ್ಕು ಹಾಕುವ ಕೆಲಸ ಪರೀಕ್ಷೆಗೆ ಮುಂಚೆಯೇ ಆಗಿಹೋಗಿತ್ತೆಂಬ ಸಂಗತಿ ಮಾಸ್ತರರಿಗೆ ತಿಳಿದಿರಲಿಲ್ಲ. ವಾಚಕರಲ್ಲಿಯೂ ಅನೇಕರಿಗೆ ತಿಳಿದಿರಲಾರದು. 2019ರ ಅಕ್ಟೋಬರಿನಲ್ಲಿ, ಅಂದರೆ ವೂಹಾನ್ ನಗರದಿಂದ ಮೊದಲ ಸುದ್ದಿ ಹೊರಬೀಳುವುದಕ್ಕೆ ಎರಡೇ ತಿಂಗಳು ಮುನ್ನ, ಕೆಲವು ಸಂಸ್ಥೆಗಳ ತಜ್ಞರು ಕೂಡಿ 195 ದೇಶಗಳ ಆರೋಗ್ಯ ರಕ್ಷಣೆಯ ಸಿದ್ಧತೆಯನ್ನು ಅಳೆದು ಒಂದು ಪಟ್ಟಿಯನ್ನು ಪ್ರಕಟಿಸಿದರು. ಮೊದಲನೆಯ ಸ್ಥಾನ ಅಮೆರಿಕಕ್ಕೆ, ಎರಡನೆಯದು ಇಂಗ್ಲೆಂಡಿನವರಿಗೆ. ನ್ಯೂಜಿಲೆಂಡು ಎಲ್ಲೋ 35ನೆಯ ಸ್ಥಾನದಲ್ಲಿತ್ತು. ನಮ್ಮದು 57. ಮರುವರ್ಷ ಆರಂಭವಾದ ಪರೀಕ್ಷೆ ಮುಗಿಯುವುದರೊಳಗೆ ಮೊದಲನೆಯವನೂ ಎರಡನೆಯವನೂ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡರು. ಮೂವತ್ತೈದನೆಯವನು 2020ನೆಯ ವರ್ಷವನ್ನು ಇಪ್ಪತ್ತೈದು ಸಾವುಗಳೊಂದಿಗೆ ಮುಗಿಸಿದನು. ಪ್ರಯೋಗಶಾಲೆ ಎಷ್ಟು, ವೈದ್ಯರೆಷ್ಟು, ಕಾನೂನೆಷ್ಟು ಎಂದು ಎಣಿಸಿದ್ದವರು ಒಂದು ವಸ್ತುವನ್ನು ಎಣಿಸಲು ಮರೆತಿದ್ದರೆಂದು ನನಗೆ ತೋರುತ್ತದೆ. ಅದನ್ನು ಹೇಳಬೇಕಾದರೆ ತೆನಾಲಿ ರಾಮನ ಬೆಕ್ಕಿನಿಂದ ಆರಂಭಿಸಬೇಕು.

ಕಥೆ ಎಲ್ಲರಿಗೂ ಗೊತ್ತು. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿತು. ಕೃಷ್ಣದೇವರಾಯನು ಮನೆಗೊಂದು ಬೆಕ್ಕನ್ನೂ, ಬೆಕ್ಕಿನ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದನು. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲನ್ನು ಕಂಡರೆ ಬಾಲವೆತ್ತಿ ಓಡುತ್ತಿತ್ತು. ಹಾಲೆಲ್ಲ ರಾಮಕೃಷ್ಣನ ಸಂಸಾರಕ್ಕೆ. ನಾವು ಇದನ್ನು ನಗುವುದಕ್ಕಾಗಿ ಹೇಳುತ್ತೇವೆ. ಆದರೆ ಬೆಕ್ಕಿನ ಕಡೆಯಿಂದ ನೋಡಿದರೆ ಇದು ನೆನಪಿನ ಕಥೆ. ಒಮ್ಮೆ ಸುಟ್ಟುಕೊಂಡ ಪ್ರಾಣಿ ಮತ್ತೆ ಹಾಲನ್ನು ಕಂಡಾಗ ಏನು ಮಾಡಿತು ಎಂಬ ಕಥೆ.

ಇದೇ ಕಥೆಯನ್ನು ಸಮೋವಾ ದೇಶದ ಜನ ನಗದೆ ಹೇಳಿಯಾರು. ಶಾಂತಸಾಗರದ ನಡುವೆ, ಭೂಪಟದಲ್ಲಿ ಸೂಜಿಯ ಮೊನೆಯಷ್ಟು ಕಾಣುವ ದ್ವೀಪಗಳವು. 1918ರಲ್ಲಿ ಅವು ಇಬ್ಬರು ಒಡೆಯರ ನಡುವೆ ಹಂಚಿಹೋಗಿದ್ದವು. ಪೂರ್ವದ ದ್ವೀಪಗಳು ಅಮೆರಿಕದ ನೌಕಾದಳದ ವಶ. ಪಶ್ಚಿಮದವು ನ್ಯೂಜಿಲೆಂಡಿನ ಸೈನ್ಯದ ವಶ. ಜನ ಒಂದೇ, ಭಾಷೆ ಒಂದೇ, ನೆಂಟಸ್ತನ ಒಂದೇ. ಆಚೆಯಿಂದ ಈಚೆಗೆ ಕೆಲವು ಗಂಟೆಗಳ ಸಮುದ್ರಯಾನ. ಆ ವರ್ಷ ಲೋಕವನ್ನೆಲ್ಲ ಇನ್‌ಫ್ಲುಯೆಂಜಾ ಮಾರಿ ಸುತ್ತಿಬರುತ್ತಿತ್ತು. ನವೆಂಬರ್ 7ರಂದು ಆಕ್ಲೆಂಡಿನಿಂದ ಹೊರಟಿದ್ದ 'ತಲೂನ್' ಎಂಬ ಉಗಿಹಡಗು ಪಶ್ಚಿಮ ಸಮೋವಾದ ಆಪಿಯಾ ಬಂದರಿಗೆ ಬಂದು ನಿಂತಿತು. ದಾರಿಯಲ್ಲಿ ಫಿಜಿಯವರು ಇದೇ ಹಡಗನ್ನು ದಿಗ್ಬಂಧನದಲ್ಲಿಟ್ಟಿದ್ದರು. ಆಪಿಯಾದಲ್ಲಿ ಆ ಎಚ್ಚರ ಯಾರಿಗೂ ಇರಲಿಲ್ಲ. ಜ್ವರದಿಂದ ನಡುಗುತ್ತಿದ್ದ ಪ್ರಯಾಣಿಕರೂ ಉಳಿದವರೊಡನೆ ದಡಕ್ಕಿಳಿದರು.

ಎರಡು ತಿಂಗಳೊಳಗೆ ಪಶ್ಚಿಮ ಸಮೋವಾದಲ್ಲಿ ಸುಮಾರು 8,500 ಜನ ಸತ್ತರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಮನೆಯಲ್ಲಿ ಹಿರಿಯರೆಂಬವರೇ ಉಳಿಯದ ಹಳ್ಳಿಗಳಾದವು. ಅತ್ತ ಪೂರ್ವದ ದ್ವೀಪಗಳಲ್ಲಿ ಗವರ್ನರರಾಗಿದ್ದ ಜಾನ್ ಪಾಯರ್ ಎಂಬುವರು ತಂತಿರಹಿತ ವರ್ತಮಾನದಿಂದ ವಿಷಯವನ್ನು ತಿಳಿದವರೇ ಬಂದರನ್ನು ಮುಚ್ಚಿದರು. ಊರಿನ ಮುಖಂಡರನ್ನು ಕರೆಸಿ, ಕಡಲತೀರಕ್ಕೆ ಅವರದೇ ಜನರ ಕಾವಲನ್ನು ಹಾಕಿಸಿದರು. ಅಲ್ಲಿ ಸತ್ತವರು ಒಬ್ಬರೂ ಇಲ್ಲ. ಒಂದೇ ಒಂದು ಸಾವಿಲ್ಲ! ಅಷ್ಟೇ ಅಲ್ಲ, ಪಾಯರ್ ಅವರು ಪಶ್ಚಿಮದವರಿಗೆ ವೈದ್ಯರ ನೆರವನ್ನು ಕಳುಹಿಸಲು ಮುಂದಾದರು. ಪಶ್ಚಿಮದ ಆಡಳಿತಗಾರರಾಗಿದ್ದ ಕರ್ನಲ್ ಲೋಗನ್ ಅದನ್ನು ಸ್ವೀಕರಿಸಲಿಲ್ಲ. ನೆರೆಯವನ ಮುಂದೆ ಕೈಯೊಡ್ಡಬಾರದೆಂಬ ಅಭಿಮಾನವೋ, ಬರಿಯ ಉದಾಸೀನವೋ, ಸತ್ತವರಿಗೆ ಅದರಿಂದ ಆದ ಭೇದವೇನು?

ಈ ಲೆಕ್ಕವನ್ನು ಸಮೋವಾದವರು ಮರೆಯಲಿಲ್ಲ. 1962ರಲ್ಲಿ ಪಶ್ಚಿಮ ಸಮೋವಾ ಸ್ವತಂತ್ರವಾಯಿತು. ನಲವತ್ತು ವರ್ಷಗಳು ಕಳೆದ ಮೇಲೆ, 2002ರ ಜೂನಿನಲ್ಲಿ, ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಕ್ಕೇ ಬಂದು ಕ್ಷಮೆ ಕೇಳಿದರು. ಅವರು ಎಣಿಸಿದ ತಪ್ಪುಗಳಲ್ಲಿ 'ತಲೂನ್' ಹಡಗನ್ನು ಬಂದರಿಗೆ ಬಿಟ್ಟದ್ದೂ ಒಂದು. ಒಂದು ಹಡಗಿಗಾಗಿ ಎಂಬತ್ತನಾಲ್ಕು ವರ್ಷಗಳ ತರುವಾಯ ಕೇಳಿದ ಕ್ಷಮೆ!

ಇಷ್ಟಾದರೂ ನೆನಪು ಕೈಕೊಟ್ಟಿತು. 2018ರಲ್ಲಿ ದಾದಿಯರ ತಪ್ಪಿನಿಂದ ಬೇರೆ ಔಷಧ ಬೆರೆತ ಚುಚ್ಚುಮದ್ದು ಪಡೆದು ಎರಡು ಶಿಶುಗಳು ತೀರಿಕೊಂಡವು. ತಾಯಂದಿರು ಹೆದರಿದರು, ದಡಾರದ ಲಸಿಕೆ ಹಾಕಿಸುವವರ ಸಂಖ್ಯೆ ಕುಸಿಯಿತು. 2019ರಲ್ಲಿ ನ್ಯೂಜಿಲೆಂಡಿನಲ್ಲಿ ಹರಡುತ್ತಿದ್ದ ದಡಾರ ಪ್ರಯಾಣಿಕರೊಡನೆ ಸಮೋವಾಕ್ಕೆ ಬಂತು. ಎರಡು ಲಕ್ಷ ಜನಸಂಖ್ಯೆಯ ದೇಶದಲ್ಲಿ 83 ಜನ ಸತ್ತರು. ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರಿನಲ್ಲಿ ಸರಕಾರ ಎರಡು ದಿನ ಕಚೇರಿ ಅಂಗಡಿಗಳನ್ನೆಲ್ಲ ಮುಚ್ಚಿಸಿ, ಲಸಿಕೆ ಬೇಕಾದವರ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿರೆಂದು ಸಾರಿತು. ಲಸಿಕೆಯವರು ಆ ಕೆಂಪು ಬಟ್ಟೆಗಳನ್ನು ನೋಡಿಕೊಂಡು ಮನೆಯಿಂದ ಮನೆಗೆ ಹೋದರು.

ಆ ಬಟ್ಟೆಗಳನ್ನು ಬಿಚ್ಚಿ ಒಂದೆರಡು ತಿಂಗಳಾಗಿರಬಹುದು, ಕೋವಿಡ್ ಬಂತು. ಸಮೋವಾ ಈ ಸಲ ಯಾರ ಸಲಹೆಗೂ ಕಾಯಲಿಲ್ಲ. ತನ್ನ ಬಾಗಿಲನ್ನು ಹಾಕಿಕೊಂಡು ಎರಡು ವರ್ಷ ಕುಳಿತಿತು. ಆ ಎರಡು ವರ್ಷಗಳಲ್ಲಿ ಅಲ್ಲಿ ಕೋವಿಡ್ಡಿನಿಂದ ಸತ್ತವರಿಲ್ಲ. 2022ರ ಮಾರ್ಚಿನಲ್ಲಿ ರೋಗ ಊರೊಳಗೆ ಹರಡುವ ಹೊತ್ತಿಗೆ ವಯಸ್ಕರಿಗೆಲ್ಲ ಬಹುಮಟ್ಟಿಗೆ ಲಸಿಕೆಯಾಗಿತ್ತು.

"ಅದು ದ್ವೀಪ ಸ್ವಾಮಿ! ಸುತ್ತಲೂ ನೀರಿದ್ದವನಿಗೆ ಬಾಗಿಲು ಹಾಕುವುದೇನು ಮಹಾ?" ಎಂದು ಮಾಸ್ತರರು ಆಕ್ಷೇಪಿಸಿದರು.

ಆಕ್ಷೇಪಣೆ ಸರಿಯೇ. ಆದರೆ ಇಂಗ್ಲೆಂಡೂ ದ್ವೀಪವೇ ಎಂಬುದನ್ನು ಮರೆಯಬಾರದು. ನೀರು ಇಬ್ಬರಿಗೂ ಇತ್ತು. ಸುಟ್ಟ ಗಾಯ ಒಬ್ಬರಿಗೆ ಮಾತ್ರ ಇತ್ತು.

ತೈವಾನಿನ ವಿಷಯವನ್ನು ನೋಡಿ. 2003ರಲ್ಲಿ ಸಾರ್ಸ್ ಎಂಬ ಇದೇ ಜಾತಿಯ ರೋಗ ಅಲ್ಲಿಗೆ ಬಂದಾಗ, ಏಪ್ರಿಲ್ 24ರಂದು ತೈಪೆ ನಗರದ ಒಂದು ದೊಡ್ಡ ಆಸ್ಪತ್ರೆಯನ್ನು, ಒಳಗಿದ್ದ ಸಾವಿರದಷ್ಟು ರೋಗಿಗಳು, ದಾದಿಯರು, ವೈದ್ಯರ ಸಮೇತ, ಮುನ್ಸೂಚನೆಯಿಲ್ಲದೆ ಬೀಗಮುದ್ರೆ ಮಾಡಿದರು. ಒಳಗಿನವರು ಕಿಟಕಿಗಳಲ್ಲಿ ನಿಂತು ಕೂಗಿಕೊಂಡ ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಆ ನಾಚಿಕೆಯಿಂದಲೇ ಅವರು ಕಾನೂನನ್ನು ತಿದ್ದಿದರು. ಮುಂದಿನ ವರ್ಷ ಇಂಥ ಆಪತ್ತಿಗೆಂದೇ ಒಂದು ಕೇಂದ್ರವನ್ನು ಕಟ್ಟಿದರು. 2019ರ ಡಿಸೆಂಬರ್ 31ರಂದು, ಬೇರೆಯವರು ಹೊಸ ವರ್ಷದ ಸಂಭ್ರಮದಲ್ಲಿದ್ದಾಗ, ವೂಹಾನಿನಿಂದ ಬಂದಿಳಿದ ವಿಮಾನಗಳೊಳಕ್ಕೆ ತೈವಾನಿನ ಆರೋಗ್ಯಾಧಿಕಾರಿಗಳು ಹತ್ತಿ ಪ್ರಯಾಣಿಕರನ್ನು ಪರೀಕ್ಷಿಸತೊಡಗಿದರು. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಸದಸ್ಯತ್ವವೂ ಇಲ್ಲದ ಸರಕಾರವದು!

ಮಾಸ್ಕಿನ ವಿಷಯದಲ್ಲಿ ಅವರು ಮಾಡಿದ್ದನ್ನು ನಮ್ಮ ಪಡಿತರ ಅಂಗಡಿಯ ಅನುಭವವಿದ್ದವರು ಮೆಚ್ಚಿಕೊಳ್ಳಬೇಕು. ಜನವರಿಯಲ್ಲೇ ರಫ್ತನ್ನು ನಿಲ್ಲಿಸಿದರು. ಕಾರ್ಖಾನೆಗಳಿಗೆ ಸಿಪಾಯಿಗಳನ್ನು ಕಳುಹಿಸಿ ಕೆಲಸಕ್ಕೆ ಹಚ್ಚಿದರು. ಫೆಬ್ರುವರಿ 6ರಿಂದ ಆರೋಗ್ಯ ವಿಮೆಯ ಚೀಟಿ ತೋರಿಸಿದವರಿಗೆ ವಾರಕ್ಕೆ ಎರಡು ಮಾಸ್ಕು. ಚೀಟಿಯ ಕೊನೆಯ ಅಂಕಿ ಬೆಸವಾದರೆ ಒಂದು ದಿನ, ಸಮವಾದರೆ ಇನ್ನೊಂದು ದಿನ. ಶ್ರೀಮಂತನಿಗೂ ಎರಡೇ. ಏಪ್ರಿಲಿನಲ್ಲಿ ಒಬ್ಬ ಹುಡುಗ ತನಗೆ ಸಿಕ್ಕ ಮಾಸ್ಕು ಗುಲಾಬಿ ಬಣ್ಣದ್ದಾದ್ದರಿಂದ ಗೆಳೆಯರು ಗೇಲಿ ಮಾಡುವರೆಂದು ಶಾಲೆಗೆ ಹೋಗಲು ಅಳುಕಿದನಂತೆ. ಸುದ್ದಿ ಮೇಲಿನವರೆಗೆ ಹೋಯಿತು. ಪ್ರತಿದಿನ ಪತ್ರಕರ್ತರೆದುರು ಕುಳಿತು ಲೆಕ್ಕ ಒಪ್ಪಿಸುತ್ತಿದ್ದ ಆರೋಗ್ಯ ಮಂತ್ರಿಗಳೂ ಅವರ ಅಧಿಕಾರಿಗಳೂ ಆ ದಿನ ಸಾಲಾಗಿ ಗುಲಾಬಿ ಮಾಸ್ಕು ಧರಿಸಿಯೇ ಬಂದು ಕುಳಿತರು. ನನ್ನ ಹೆಂಡತಿಗೆ ಈ ಸಂಗತಿಯನ್ನು ಹೇಳಿದಾಗ ಆಕೆ, "ಆ ಮಂತ್ರಿಯ ಮನೆಯಲ್ಲಿ ಮಕ್ಕಳಿರಬೇಕು" ಎಂದಷ್ಟೇ ಹೇಳಿದಳು. ಎರಡೂಕಾಲು ಕೋಟಿಗೂ ಮೀರಿದ ಜನರಿರುವ ದೇಶದಲ್ಲಿ 2020ರ ಕೊನೆಗೆ ಸತ್ತವರು ಏಳು ಮಂದಿ.

ಕೊರಿಯಾದವರ ಗಾಯ ಇನ್ನೂ ಹಸಿಯಾಗಿತ್ತು. 2015ರಲ್ಲಿ ಮರ್ಸ್ ಎಂಬ ರೋಗ ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡಿ 38 ಜನರನ್ನು ಕೊಂದಾಗ, ಯಾವ ಆಸ್ಪತ್ರೆಯಲ್ಲಿ ರೋಗವಿದೆಯೆಂದು ಹೇಳಲು ಅಲ್ಲಿನ ಸರಕಾರ ಎರಡು ವಾರಕ್ಕೂ ಮೇಲ್ಪಟ್ಟು ನಿರಾಕರಿಸಿತ್ತು. ಜನ ಅದನ್ನು ಕ್ಷಮಿಸಲಿಲ್ಲ. 2020ರ ಜನವರಿ 27ರಂದು, ದೇಶದಲ್ಲಿ ನಾಲ್ಕೇ ಜನ ರೋಗಿಗಳಿದ್ದಾಗ, ಅದೂ ಹೊಸ ವರ್ಷದ ಹಬ್ಬದ ರಜೆಯಲ್ಲಿ, ಅಧಿಕಾರಿಗಳು ಸಿಯೋಲ್ ರೈಲು ನಿಲ್ದಾಣದ ಕೊಠಡಿಯೊಂದಕ್ಕೆ ಕಂಪೆನಿಗಳವರನ್ನು ಕರೆಸಿ, ಪರೀಕ್ಷೆಯ ಸಾಧನವನ್ನು ಕೂಡಲೇ ತಯಾರಿಸಿ, ಅನುಮತಿ ತಡವಾಗದು ಎಂದರು. ಎಂಟು ದಿನಗಳಲ್ಲಿ ಮೊದಲ ಅನುಮತಿ ಸಿಕ್ಕಿತು. ಕೊರಿಯಾದಲ್ಲಿಯೂ ಅಮೆರಿಕದಲ್ಲಿಯೂ ಮೊದಲ ರೋಗಿ ಪತ್ತೆಯಾದದ್ದು ಒಂದೇ ದಿನ, ಜನವರಿ 20. ಅಮೆರಿಕದಲ್ಲಿ ಸರಕಾರಿ ಸಂಸ್ಥೆ ತಯಾರಿಸಿ ಹಂಚಿದ ಸಾಧನ ದೋಷಯುಕ್ತವೆಂದು ಹೊರಬಿತ್ತು. ಬೇರೆಯವರಿಗೆ ಸುಲಭವಾಗಿ ಅನುಮತಿಯೂ ಇಲ್ಲ. ಫೆಬ್ರುವರಿ ತಿಂಗಳು ಹಾಗೆಯೇ ಸೋರಿಹೋಯಿತು. ಪಟ್ಟಿಯ ಮೊದಲನೆಯ ಸ್ಥಾನದವರು!

ಎರಡನೆಯ ಸ್ಥಾನದವರ ಕಥೆ ಇನ್ನೂ ವಿಚಿತ್ರ. ಅವರಿಗೆ ಮರೆವಿನ ರೋಗವಲ್ಲ. ಅವರು ನೆನಪಿಟ್ಟುಕೊಂಡಿದ್ದರು, ಆದರೆ ಬೇರೆ ರೋಗವನ್ನು. ಇಂಗ್ಲೆಂಡಿನ ಸಿದ್ಧತೆಯೆಲ್ಲ ಇನ್‌ಫ್ಲುಯೆಂಜಾಕ್ಕೆಂದು ನಡೆದಿತ್ತು. 2016ರ ಅಕ್ಟೋಬರಿನಲ್ಲಿ ಮಂತ್ರಿಗಳೂ ಅಧಿಕಾರಿಗಳೂ ಕೂಡಿ ಮೂರು ದಿನ ಒಂದು ಕಲ್ಪಿತ ಜ್ವರದ ಮೇಲೆ ತಾಲೀಮು ನಡೆಸಿದರು. ತಾವು ಸಿದ್ಧರಿಲ್ಲವೆಂದು ತಾವೇ ಕಂಡುಕೊಂಡರು. ವರದಿಯನ್ನು ಬರೆದು ಬೀರುವಿನಲ್ಲಿಟ್ಟರು. ಸರಕಾರ ಅದನ್ನು ಅಧಿಕೃತವಾಗಿ ಪ್ರಕಟಿಸಿದ್ದು 2020ರ ಅಕ್ಟೋಬರಿನಲ್ಲಿ. ಆ ವರ್ಷದ ಮಾರ್ಚಿನಲ್ಲಿ ಇಟಲಿ ದೇಶ ಬಾಗಿಲು ಹಾಕಿಕೊಂಡ ಮರುದಿನವೇ ಚೆಲ್ಟನ್‌ಹ್ಯಾಮ್ ಎಂಬಲ್ಲಿ ನಾಲ್ಕು ದಿನಗಳ ಕುದುರೆ ಜೂಜು ಆರಂಭವಾಗಿ ಲಕ್ಷಗಟ್ಟಲೆ ಜನ ಸೇರಿದರು. ಮನೆಯಲ್ಲಿರಿ ಎಂಬ ಆಜ್ಞೆ ಹೊರಟದ್ದು ಮಾರ್ಚ್ 23ಕ್ಕೆ. ತಪ್ಪು ಮಹಾಮಾರಿಗೆ ಸಿದ್ಧತೆ ನಡೆದಿತ್ತೆಂದು ಅವರದೇ ವಿಚಾರಣಾ ಮಂಡಲಿ 2024ರಲ್ಲಿ ಬರೆಯಿತು. ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಇದೆ. ತಮ್ಮ ತಪ್ಪನ್ನು ತಾವೇ ಸಾಕ್ಷಿ ಕರೆದು, ಪ್ರಧಾನಿಯಾಗಿದ್ದವರನ್ನೂ ಕಟಕಟೆಯಲ್ಲಿ ಕೂರಿಸಿ ಪ್ರಶ್ನೆ ಕೇಳಿ ಬರೆಸಿಟ್ಟ ದೇಶವೂ ಅದೇ.

"ಹಾಗಾದರೆ ತೀರ್ಪಾಯಿತು, ತೈವಾನು, ನ್ಯೂಜಿಲೆಂಡು ಪ್ರಥಮ ದರ್ಜೆ, ಇಂಗ್ಲೆಂಡು, ಅಮೆರಿಕ ಫೇಲು" ಎಂದರು ಮಾಸ್ತರರು, ಲೋಟವನ್ನು ಕೆಳಗಿಡುತ್ತ.

ಅಷ್ಟು ಬೇಗ ಮುಗಿಯುವ ಪರೀಕ್ಷೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ತೆನಾಲಿ ರಾಮನ ಬೆಕ್ಕಿನ ಕಥೆಗೆ ಉತ್ತರಾರ್ಧವೊಂದಿದೆ. ರಾಜನು ಬೆಕ್ಕುಗಳ ಪರೀಕ್ಷೆ ಮಾಡಿದಾಗ ರಾಮಕೃಷ್ಣನದು ಎಲುಬು ಎಣಿಸುವಂತಿತ್ತು. ಹಾಲು ಆರಿ ತಣ್ಣಗಾದ ಮೇಲೂ ಅದು ಹತ್ತಿರ ಬರಲಿಲ್ಲವಷ್ಟೆ? ನೆನಪು ಎಚ್ಚರವನ್ನು ಕೊಡುತ್ತದೆ. ಹಾಲು ಯಾವಾಗ ಆರಿತೆಂದು ಹೇಳುವ ವಿವೇಕವನ್ನು ಅದೊಂದೇ ಕೊಡಲಾರದು.

ನ್ಯೂಜಿಲೆಂಡು 2020ರಲ್ಲಿ ನಡೆದುಕೊಂಡ ರೀತಿ ಸೊಗಸಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಪ್ರಧಾನಿ ಜೆಸಿಂಡಾ ಆರ್ಡರ್ನ್ ಅವರು ಮಾರ್ಚ್ 23ರಂದು, ಒಂದು ಸಾವೂ ಆಗದಿದ್ದಾಗಲೇ, ದೇಶ ಮುಚ್ಚುವುದಾಗಿ ಹೇಳಿ ಜನರಿಗೆ ನಲವತ್ತೆಂಟು ಗಂಟೆಗಳ ಅವಕಾಶ ಕೊಟ್ಟರು. ಸಂಬಳಕ್ಕೆ ಹನ್ನೆರಡು ವಾರಗಳ ಸರಕಾರಿ ನೆರವನ್ನು ಅದಕ್ಕೂ ಮೊದಲೇ ಪ್ರಕಟಿಸಿಯಾಗಿತ್ತು. ಅಲ್ಲಿನ ಮಕ್ಕಳು ನಂಬುವ, ಬಿದ್ದ ಹಲ್ಲನ್ನು ಒಯ್ದು ಕಾಸಿಡುವ ಯಕ್ಷಿಣಿಯನ್ನು ಸಹ ಅವಶ್ಯಕ ಸೇವೆಗೆ ಸೇರಿಸಿದ್ದೇವೆಂದು ಅವರು ಘೋಷಿಸಿದರು. ನಿಯಮ ಮುರಿದು ಕಡಲತೀರಕ್ಕೆ ವಾಹನ ಓಡಿಸಿದ ಆರೋಗ್ಯ ಮಂತ್ರಿಯ ಸ್ಥಾನವನ್ನು ಇಳಿಸಿದರು. ಆದರೆ ಬಾಗಿಲು ಮುಚ್ಚಿಯೇ ಇದ್ದುದು ವರ್ಷವೆರಡಾಯಿತು. ಹೊರದೇಶದಲ್ಲಿದ್ದ ಅವರದೇ ಪ್ರಜೆಗಳು ತಾಯ್ತಂದೆಯರ ಅಂತ್ಯಕಾಲಕ್ಕೂ ಬರಲಾಗದೆ, ಊರಿಗೆ ಮರಳುವ ಸರದಿಗಾಗಿ ಲಾಟರಿ ಎತ್ತುವಂತಾಯಿತು. ಇದು ಪ್ರಜೆಗಳ ಹಕ್ಕಿಗೆ ಭಂಗವೆಂದು 2022ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವೇ ಹೇಳಿತು. ತೈವಾನಾದರೋ ಬಾಗಿಲು ಭದ್ರವಾಗಿದೆಯೆಂಬ ನೆಮ್ಮದಿಯಲ್ಲಿ ಲಸಿಕೆಗೆ ತಡಮಾಡಿತು. 2021ರ ಮೇ ತಿಂಗಳಲ್ಲಿ ರೋಗ ನುಗ್ಗಿದಾಗ ಲಸಿಕೆ ಪಡೆದಿದ್ದವರು ಬೆರಳೆಣಿಕೆಯಷ್ಟು. ಚೀನದ ಸಂಗತಿಯಂತೂ ಹೇಳತೀರದು. ಆರಂಭದಲ್ಲೇ ಎಚ್ಚರಿಕೆಯಿತ್ತ ವೈದ್ಯ ಲೀ ವೆನ್‌ಲಿಯಾಂಗ್ ಅವರನ್ನು ಪೊಲೀಸರು ಕರೆಸಿ ಗದರಿಸಿದರು. ಅವರು ಅದೇ ರೋಗದಿಂದ ತೀರಿಕೊಂಡರು. ಅನಂತರ ಆ ಸರಕಾರ ಎಷ್ಟು ಹೆದರಿತೆಂದರೆ 2022ರಲ್ಲಿಯೂ ಶಾಂಘೈ ನಗರದ ಎರಡೂವರೆ ಕೋಟಿ ಜನರನ್ನು ಎರಡು ತಿಂಗಳು ಮನೆಯೊಳಗೆ ಕೂಡಿಹಾಕಿತ್ತು.

ಇತ್ತ ಸ್ವೀಡನ್ನಿನವರು ಲೋಕವೇ ಬೆರಗಾಗುವಂತೆ ಬಾಗಿಲನ್ನು ತೆರೆದೇ ಇಟ್ಟರು. ಚಿಕ್ಕ ಮಕ್ಕಳ ಶಾಲೆಗಳು ನಡೆದವು, ಅಂಗಡಿಗಳು ನಡೆದವು. ಜನ ತಾವಾಗಿಯೇ ದೂರವಿರುವರೆಂಬ ನಂಬಿಕೆ. ಆದರೆ ವೃದ್ಧಾಶ್ರಮಗಳಲ್ಲಿ ಮುದುಕರು ಸಾಲುಸಾಲಾಗಿ ಹೋದರು. ನೆರೆಯ ನಾರ್ವೆ, ಫಿನ್ಲೆಂಡುಗಳಿಗಿಂತ ಹಲವು ಪಟ್ಟು ಸಾವು. 2020ರ ಡಿಸೆಂಬರಿನಲ್ಲಿ ಅಲ್ಲಿಯ ದೊರೆಯೇ ನಾವು ಸೋತೆವೆಂದು ಬಹಿರಂಗವಾಗಿ ಹೇಳಿದರು. ಆ ದಿನ ಮಾರ್ಕು ಹಾಕಿದ್ದರೆ ಸ್ವೀಡನ್ನಿಗೆ ಸೊನ್ನೆ. ಆದರೆ 2020ರಿಂದ 2022ರವರೆಗಿನ ಮೂರು ವರ್ಷಗಳಲ್ಲಿ ಎಲ್ಲ ಕಾರಣಗಳಿಂದಲೂ ಆದ ಸಾವುಗಳನ್ನು ವಾಡಿಕೆಯ ವರ್ಷಗಳೊಡನೆ ಹೋಲಿಸಿದಾಗ, ಯುರೋಪಿನಲ್ಲಿಯೇ ಅತಿ ಕಡಿಮೆ ಹೆಚ್ಚಳವಾದ ದೇಶಗಳಲ್ಲಿ ಸ್ವೀಡನ್ನೂ ಒಂದಾಗಿತ್ತು. ಇದಕ್ಕೇನು ಮಾರ್ಕು, ಮಾಸ್ತರರೇ? ಮೊದಲ ದಿನದ ಪತ್ರಿಕೆಗೋ, ಕೊನೆಯ ದಿನದ ಪತ್ರಿಕೆಗೋ? ಸತ್ತ ಮುದುಕನ ಮಗಳ ಮುಂದೆ ಈ ಸರಾಸರಿಯನ್ನು ಇಡುವವರಾರು?

ಮಾಸ್ತರರು ಸುಮ್ಮನಿದ್ದರು. ಬಳಿಕ ಮೆಲ್ಲಗೆ, "ನಮ್ಮದು?" ಎಂದರು.

ನಮ್ಮ ಬಾಯಿ ಸುಟ್ಟದ್ದು ಸಣ್ಣದಾಗಿಯಲ್ಲ. 1918ರ ಆ ಜ್ವರದಲ್ಲಿ ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮೀರಿ; ಲೋಕದ ಬೇರೆ ಯಾವ ದೇಶವೂ ಅಷ್ಟು ಜನರನ್ನು ಕಳೆದುಕೊಂಡದ್ದಿಲ್ಲ. ಆದರೂ ಅದರದೊಂದು ಕಲ್ಲು, ಒಂದು ಶಾಸನ ನಮ್ಮ ಊರುಗಳಲ್ಲಿ ಕಾಣುವುದು ಅಪೂರ್ವ. ನೆನಪಿನಲ್ಲಿ ಉಳಿದದ್ದು ಅದಕ್ಕೂ ಹಿಂದಿನ ಪ್ಲೇಗು. 1898ರಲ್ಲಿ ಅದು ಬೆಂಗಳೂರಿಗೆ ಬಂದು ಪೇಟೆಯನ್ನು ಬರಿದುಮಾಡಿದ ಮೇಲೆ, ಗಾಳಿ ಬೆಳಕಿಗೆ ಎಡೆಯಿರಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಪ್ಲೇಗಿನಮ್ಮನಿಗೆ ಗುಡಿಗಳೂ ಎದ್ದವು. ಇನ್ನು ಮುಂಬಯಿಯ ಪ್ಲೇಗಿಗೆಂದು ಇಂಗ್ಲಿಷರು 1897ರಲ್ಲಿ ಅವಸರದಿಂದ ಮಾಡಿದ, ಒಂದೆರಡು ಪುಟಗಳಲ್ಲಿ ಮುಗಿಯುವ ಕಾನೂನು; 2020ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರಕಾರವೂ ಬೀರುವಿನಿಂದ ಹೊರತೆಗೆದದ್ದು ಅದನ್ನೇ. ಅಧಿಕಾರಿ ಏನು ಮಾಡಬಹುದೆಂದು ಅದರಲ್ಲಿದೆ. ಜನರಿಗೆ ಏನು ಸಲ್ಲಬೇಕೆಂದು ಇಲ್ಲ. ಭಾರತದಲ್ಲಿ ಕೋವಿಡ್ಡಿನ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ, ಆ ಮಾರ್ಚಿನ ಹತ್ತನೆಯ ತಾರೀಖು.

ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಮಾತಾಡಿದರು. ನಡುರಾತ್ರಿಯಿಂದ ದೇಶವೆಲ್ಲ ಮುಚ್ಚಿತು. ಐವತ್ತು ಲಕ್ಷ ಜನರ ದೇಶಕ್ಕೆ ನಲವತ್ತೆಂಟು ಗಂಟೆ, ನೂರಮೂವತ್ತು ಕೋಟಿಗೂ ಮೀರಿದ ಜನಕ್ಕೆ ನಾಲ್ಕು ಗಂಟೆ. ಬೇಗ ಮುಚ್ಚಿದ್ದು ತಪ್ಪೆಂದು ನಾನು ಹೇಳಲಾರೆ. ಸಮೋವಾದ ಕಥೆ ಹೇಳಿದವನು ಹಾಗೆನ್ನುವಂತಿಲ್ಲ. ಆದರೆ ಆ ನಾಲ್ಕು ಗಂಟೆಗಳಲ್ಲಿ ನಮ್ಮಂಥವರು ಅಕ್ಕಿ ಬೇಳೆ ತಂದಿಟ್ಟುಕೊಂಡೆವು. ನಮ್ಮ ಎದುರಿನ ಅರೆಕಟ್ಟಿದ ಮನೆಯಲ್ಲಿ ತಗಡಿನ ಕೆಳಗಿದ್ದ ಗಾರೆಯವನ ಸಂಸಾರಕ್ಕೆ ಮರುದಿನದ ಕೂಲಿಯೇ ಅಕ್ಕಿ. ಒಂದು ಬೆಳಗ್ಗೆ ನೋಡಿದರೆ ಒಲೆ ಆರಿತ್ತು. ಅವರು ನಡೆದೇ ಹೊರಟುಹೋಗಿದ್ದರು, ಮಗುವನ್ನು ಹೆಗಲ ಮೇಲೆ ಹೊತ್ತು. ಕೊನೆಗೆ ಮೇ ತಿಂಗಳಲ್ಲಿ ಕಾರ್ಮಿಕರ ರೈಲುಗಳು ಹೊರಟಾಗ ನಮ್ಮ ರಾಜ್ಯದಲ್ಲಿ, ಕಟ್ಟಡ ಕಟ್ಟಿಸುವವರೊಡನೆ ಸಭೆಯಾದ ಮೇಲೆ, ಆ ರೈಲುಗಳು ಬೇಡವೆಂದು ಸರಕಾರ ಬರೆಯಿತು. ಎಲ್ಲ ಕಡೆಯಿಂದ ಛೀಮಾರಿ ಬಂದ ಮೇಲೆ ಎರಡು ಮೂರು ದಿನಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು.

ಅಕ್ಕಪಕ್ಕದಲ್ಲೇ ನೆನಪಿದ್ದವರೂ ಇದ್ದರು. 2018ರಲ್ಲಿ ನಿಪಾ ರೋಗದೊಡನೆ ಹೋರಾಡಿದ್ದ ಕೇರಳದವರು 2020ರ ಜನವರಿಯಲ್ಲೇ ಎಚ್ಚತ್ತಿದ್ದರು. ದೇಶದ ಮೊದಲ ರೋಗಿ ಅಲ್ಲಿ ಪತ್ತೆಯಾದಾಗ ಯಾರೂ ಗಾಬರಿಬೀಳಲಿಲ್ಲ.

ಆದರೆ ನನ್ನನ್ನು ಇಂದಿಗೂ ಕಾಡುವುದು ಮೊದಲನೆಯ ಸುಡುವಿಕೆಯಲ್ಲ, ಎರಡನೆಯದು. ಆಮ್ಲಜನಕದ ಕೊರತೆಯ ಬಗ್ಗೆ ಸಂಸತ್ತಿನ ಆರೋಗ್ಯ ಸಮಿತಿ 2020ರ ನವೆಂಬರಿನಲ್ಲೇ ಬರೆದು ಕೊಟ್ಟಿತ್ತು. 2021ರ ಮಾರ್ಚಿನಲ್ಲಿ ಆಟ ಮುಗಿಯುತ್ತ ಬಂತೆಂಬ ಮಾತು ಕೇಂದ್ರದ ಆರೋಗ್ಯ ಮಂತ್ರಿಗಳ ಬಾಯಿಂದ ಬಂತು. ಎಂಟು ವಾರಗಳಲ್ಲಿ ನಾವು ಆ ಹಾಳೆಯ ಮೇಲೆ ಸಂಖ್ಯೆಗಳನ್ನು ಬರೆಯುತ್ತಿದ್ದೆವು, ಒಂದೊಂದಾಗಿ ಹೊಡೆದುಹಾಕುತ್ತಿದ್ದೆವು. ಇಲ್ಲಿ ನೂರು ವರ್ಷಗಳ ಹಿಂದಿನದನ್ನು ಮರೆತದ್ದಲ್ಲ. ಆರು ತಿಂಗಳ ಹಿಂದಿನದನ್ನು ಮರೆತದ್ದು. ಸತ್ತವರ ಸಂಖ್ಯೆಯಲ್ಲಿಯೂ ಒಮ್ಮತವಿಲ್ಲ. ಸರಕಾರದ ಲೆಕ್ಕದಲ್ಲಿ ಸುಮಾರು ಐದೂಕಾಲು ಲಕ್ಷ. 2020 ಮತ್ತು 2021ರಲ್ಲಿಯೇ ವಾಡಿಕೆಗಿಂತ ನಲವತ್ತೇಳು ಲಕ್ಷ ಜನ ಹೆಚ್ಚಾಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದನ್ನು ಸರಕಾರ ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರಿನೊಳಗೆ ನೂರು ಕೋಟಿ ಲಸಿಕೆ ಹಾಕಿದ ಸಾಹಸವೂ ನಮ್ಮದೇ. ಅದನ್ನು ಮರೆತರೆ ನಾನೂ ಅನ್ಯಾಯ ಮಾಡಿದಂತೆ. ಆದರೆ ಎಷ್ಟು ಜನ ಸತ್ತರೆಂಬ ಮಾತೇ ಇತ್ಯರ್ಥವಾಗದ ಮನೆಯಲ್ಲಿ ಯಾವುದನ್ನು ನೆನಪಿಡುವುದು?

ಮಾಸ್ತರರು ಮಾರ್ಕಿನ ಮಾತನ್ನು ಮತ್ತೆ ಎತ್ತಲಿಲ್ಲ. ಕಾಫಿಯ ಲೋಟವನ್ನು ತಾವೇ ಒಳಗೆ ಕೊಂಡುಹೋಗಿ ಇಟ್ಟು, ಹೊರಟರು. 2021ರಲ್ಲಿ ಅವರ ಮನೆಯಲ್ಲಿಯೂ ಒಬ್ಬರು ಕಡಮೆಯಾಗಿದ್ದಾರೆ. ಆ ಮಾತನ್ನು ನಾವಿಬ್ಬರೂ ಆಡುವುದಿಲ್ಲ.

ಸಂಜೆಯ ಹೊತ್ತಿಗೆ ಮಾಸ್ಕುಗಳಲ್ಲಿ ಗಟ್ಟಿಯಾಗಿದ್ದವನ್ನು ಆರಿಸಿ ಒಗೆದು ಹಿತ್ತಿಲಲ್ಲಿ ಒಣಹಾಕಿದ್ದಾಯಿತು. ಉಳಿದವು ಒರೆಸುವ ಬಟ್ಟೆಗಳಾದವು. ಒಂದು ಮಾತ್ರ ಗೊಂಬೆಯ ತೊಟ್ಟಿಲಾಗಿಯೇ ಉಳಿಯಿತು. ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ ನೋಡಿದೆ. ಕೆಂಪು ಅಂಕಿ ಹೊತ್ತಿಕೊಂಡಿತು. ಮೊಮ್ಮಗಳು ತನ್ನ ಬೆರಳನ್ನು ತೂರಿಸಿ, "ತಾತ, ನನಗೆ ತೊಂಬತ್ತೊಂಬತ್ತು!" ಎಂದು ಮನೆಯೆಲ್ಲ ಕುಣಿದಳು.

ಹಾಳೆಯನ್ನು ನನ್ನ ಹೆಂಡತಿ ಪೆಟ್ಟಿಗೆಯ ತಳದಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟಳು. ನಾನು ಪೆಟ್ಟಿಗೆಯನ್ನು ಅಟ್ಟದ ಹಿಂಬದಿಗೆ ತಳ್ಳಹೊರಟಾಗ ಕೆಳಗಿನಿಂದಲೇ ತಡೆದು, "ಅಷ್ಟು ಒಳಗೆ ಬೇಡ. ಏಣಿ ಹಾಕದೆ ಕೈಗೆ ಸಿಗುವ ಹಾಗೆ ಅಂಚಿನಲ್ಲಿಡಿ" ಎಂದಳು. ಹಾಗೆಯೇ ಇಟ್ಟಿದ್ದೇನೆ.